ನೋವಿಲ್ಲದ ಹರಕೆ

ಹುಲಿಗೆಮ್ಮನ ಬಲ ಅಂಗಾಲಿನಿಂದ ಡಾಕ್ಟರ್ ಸುಮನಾ ಇಕ್ಕಳದಲ್ಲಿ ಎಳೆದು ತೆಗೆದದ್ದು ಮುಳ್ಳಲ್ಲ, ಒಂದು ಗಿಡ್ಡ ಮೊಳೆ. ಸ್ಟೀಲ್ ತಟ್ಟೆಗೆ ಅದು ಟಣ್ಣನೆ ಬಿದ್ದಾಗ ಬೆಚ್ಚಿದ್ದು ಪಕ್ಕದಲ್ಲಿದ್ದ ಬಸುರಿ ಮಗಳು ಮಧುಶ್ರೀ. ಹುಲಿಗೆಮ್ಮ ಮಾತ್ರ ಬೇರೆ ಯಾರದೋ ಕಾಲು ಎಂಬಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು.

"ಇದು ಯಾವಾಗ ಚುಚ್ಚಿದ್ದಮ್ಮ?"

"ಯಾರಿಗ್ಗೊತ್ತು ಡಾಕ್ಟ್ರೇ? ಬೆಳಿಗ್ಗೆ ನೆಲದ ಮೇಲೆ ರಕ್ತದ ಗುರುತು ನೋಡಿ ಇವಳೇ ಬಾಯಿ ಬಡ್ಕೊಂಡ್ಳು. ಭದ್ರಾವತಿಯಿಂದ ಇಲ್ಲೀತಂಕ ಬಸ್ಸಲ್ಲಿ ಎಳ್ಕೊಂಡು ಬಂದ್ಳು. ನಂಗೇನೂ ಆಗಿಲ್ಲ."

"ಎಳ್ಕೊಂಡು ಬರೋಕೆ ಮುಂಚೆ ಬಸ್ ಸ್ಟ್ಯಾಂಡಲ್ಲಿ ಕಾಫಿ ಕುಡಿಸ್ಬೇಕಾಯ್ತು ಡಾಕ್ಟ್ರೇ. ಅದಕ್ಕೆ ಮೇಲಿಂದ ಎರಡು ಚಮಚ ಸಕ್ಕರೆ," ಎಂದು ಮಧುಶ್ರೀ ದೂರು ಕೊಟ್ಟಳು. ಆಮೇಲೆ ದನಿ ತಗ್ಗಿಸಿ, "ಚಪ್ಪಲಿ ಹಾಕಲ್ಲ. ನನಗೋಸ್ಕರ ಹರಕೆ," ಎಂದಳು.

ಎರಡು ಸಲ ಬಸುರು ನಿಲ್ಲದೆ ಹೋದ ಮಗಳು ಈ ಸಲ ಹೆತ್ತು ಕೂಸನ್ನು ಕೈಗಿಡುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಹುಲಿಗೆಮ್ಮ ಕೋಟೆಯ ಮಾರಮ್ಮನ ಮುಂದೆ ಸೆರಗೊಡ್ಡಿದ್ದಳು. ಸಕ್ಕರೆ ಕಾಯಿಲೆಯವಳು ಬರಿಗಾಲಲ್ಲಿ ತಿರುಗಬಾರದು ಎಂದು ಯಾರೆಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಏಕೆಂದರೆ ಅವಳ ಹತ್ತಿರ ಸಾಕ್ಷಿಯೇ ಇತ್ತು. ಟಾರು ಕರಗುವ ಬಿಸಿಲಲ್ಲಿ ಜೊತೆಯ ಹೆಂಗಸರು ಚಪ್ಪಲಿ ಹಾಕಿಕೊಂಡೂ "ಉಸ್ಸಪ್ಪಾ" ಎನ್ನುತ್ತಿದ್ದರೆ, ಅವಳು ಬರಿಗಾಲಲ್ಲಿ ಹಾಯಾಗಿ ನಡೆದಿದ್ದಳು. "ತಾಯಿ ಹೂವು ಹಾಸಿದಾಳೆ ಕಣ್ರೇ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು. ಆ ಜಂಬದ ಎದುರು ಬಾಯಿ ಬಿಡುವ ಧೈರ್ಯ ಯಾರಿಗಿತ್ತು?

ಗಾಯ ತೊಳೆದು ಕಟ್ಟಿದ ಮೇಲೆ ಡಾಕ್ಟರ್ ಒಂದು ನೈಲಾನ್ ಎಳೆ ಕೈಗೆತ್ತಿಕೊಂಡರು. "ಕಣ್ಣು ಮುಚ್ಕೊಳ್ಳಿ. ಪಾದಕ್ಕೆ ಇದನ್ನ ತಾಗಿಸ್ತೀನಿ. ತಾಗಿದಾಗೆಲ್ಲ 'ಹೂಂ' ಅನ್ನಿ."

ಹುಲಿಗೆಮ್ಮ ಮಾರಮ್ಮನನ್ನು ನೆನೆದು ಕಣ್ಣು ಮುಚ್ಚಿದಳು. ಫ್ಯಾನು ತಿರುಗುವ ಸದ್ದು ಕೇಳಿಸಿತು. ಹೊರಗೆ ಟೋಕನ್ ನಂಬರು ಕೂಗಿದ್ದು ಕೇಳಿಸಿತು. ಕಾದು ಕಾದು ಸಾಕಾಗಿ ಕೇಳಿಯೇ ಬಿಟ್ಟಳು: "ಶುರು ಮಾಡಿ ಡಾಕ್ಟ್ರೇ, ಇನ್ನೆಷ್ಟೊತ್ತು?"

"ಮುಗೀತಮ್ಮ," ಎಂದರು ಸುಮನಾ. "ಎರಡೂ ಕಾಲು ಆಯ್ತು."

ಕಣ್ಣು ಬಿಟ್ಟರೆ ಮಗಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಸಕ್ಕರೆ ನಿಮ್ಮ ಕಾಲಿನ ನರಗಳನ್ನ ಹಾಳು ಮಾಡಿದೆ. ಅದಕ್ಕೇ ಸುಟ್ರೂ ಗೊತ್ತಾಗಲ್ಲ, ಚುಚ್ಚಿದ್ರೂ ಗೊತ್ತಾಗಲ್ಲ. ಪುಣ್ಯಕ್ಕೆ ಮೊಳೆ ಆಳಕ್ಕೆ ಹೋಗಿಲ್ಲ, ಗಾಯ ಮಾಯುತ್ತೆ. ಸಿಹಿ ಬಿಟ್ಟು, ಮಾತ್ರೆ ತಗೊಂಡು, ದಿನಾ ಅಂಗಾಲು ನೋಡ್ಕೊಂಡು, ಮೆತ್ತನೆ ಚಪ್ಪಲಿ ಹಾಕ್ಕೊಂಡ್ರೆ ಕಾಲು ಉಳಿಯುತ್ತೆ. ಹೀಗೇ ಬರಿಗಾಲಲ್ಲಿ ತಿರುಗಿದ್ರೆ ಮುಂದೆ ಕಾಲೇ ತೆಗೀಬೇಕಾಗಬಹುದು."

ಹೊರಗೆ ಬಂದ ಮಧುಶ್ರೀ ತನ್ನ ಚಪ್ಪಲಿ ಕಳಚಿ ತಾಯಿಯ ಮುಂದಿಟ್ಟಳು.

"ತೆಗಿಯೇ ಅತ್ಲಾಗೆ! ನಿನ್ನ ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ? ಕಾಲು ಹೋದ್ರೆ ಹೋಗ್ಲಿ. ಕೋಟೆಗೆ ಆಟೋ ಕರಿ."

ಮಾರಮ್ಮನ ಮುಂದೆ ಕೈಮುಗಿದು ನಿಂತಾಗ ಹುಲಿಗೆಮ್ಮನಿಗೆ ಯಾವತ್ತಿನ ಹಾಗೆ ಬೇಡಿಕೊಳ್ಳಲು ಬಾಯಿ ಬರಲಿಲ್ಲ. ನಾಚಿಕೆಯಾಯಿತು. ಹೂವು ಹಾಸಿದಾಳೆ ಎಂದು ಊರಿಗೆಲ್ಲ ಹೇಳಿದ್ದೇನು, ಇಲ್ಲಿ ಆಗಿರುವುದೇನು! ಅಳುವೂ ಬಂತು. ಪೂಜಾರಿ ಇರುವುದನ್ನೂ ಲೆಕ್ಕಿಸದೆ ಗಟ್ಟಿಯಾಗಿಯೇ ಹೇಳಿದಳು:

"ತಾಯೀ, ತಪ್ಪಾಯ್ತು. ಮಗಳಿಗೋಸ್ಕರ ನೋವು ತಿಂತೀನಿ ಅಂದು ಜೋಮು ಹಿಡಿದ ಕಾಲು ನಿಂಗೊಪ್ಪಿಸಿದೆ. ನೋವೇ ಇಲ್ದಿದ್ಮೇಲೆ ಅದ್ಯಾವ ಹರಕೆ? ಅದನ್ನ ವಾಪಸ್ ತಗೋತೀನಿ. ಬಿಟ್ರೆ ನಂಗೆ ನಿಜವಾಗ್ಲೂ ನೋಯೋವಂಥದ್ದು ಒಂದೈತೆ, ಅದನ್ನ ಬಿಡ್ತೀನಿ. ಇವಳ ಕೂಸನ್ನ ಕಾಪಾಡು."

ಈಚೆ ಬಂದವಳೇ ಬಾಗಿಲ ಬಳಿ ಬಿಟ್ಟಿದ್ದ ಮಗಳ ಚಪ್ಪಲಿಗೆ ಕಾಲು ತೂರಿಸಿದಳು. ಮಧುಶ್ರೀ ಕಣ್ಣರಳಿಸಿ ನೋಡಿದಳು. ಆಟೋದವರೆಗೆ ಅವಳೇ ಬರಿಗಾಲಲ್ಲಿ ನಡೆಯಬೇಕಾಯಿತು. ಎರಡು ಹೆಜ್ಜೆ ಇಡುವಷ್ಟರಲ್ಲಿ "ಸ್ಸ್" ಎಂದು ಕಾಲೆತ್ತಿದಳು.

"ಕಲ್ಲು ಚುಚ್ಚಿತಾ?" ಎಂದಳು ಹುಲಿಗೆಮ್ಮ. "ಪುಣ್ಯ ಮಾಡಿದೀಯ ಬಿಡು."

ಗಾಂಧಿ ಬಜಾರಿನಲ್ಲಿ ಹಿಂದೆ ಪಟ್ಟಿಯಿರುವ ಮೆತ್ತನೆ ಚಪ್ಪಲಿ ಕೊಂಡರು. ನೀಲಿ ಬಣ್ಣದ್ದೇ ಬೇಕೆಂದು ಹುಲಿಗೆಮ್ಮ ಹಟ ಮಾಡಿದಳು. ಆಮೇಲೆ ಹೋಟೆಲಿನಲ್ಲಿ ಕೂತು, "ಒಂದು ಕಾಫಿ. ಸಕ್ಕರೆ ಹಾಕ್ಬೇಡಪ್ಪ, ಒಂದು ಕಾಳೂ ಬೇಡ" ಎಂದಳು. ಮಧುಶ್ರೀಗೆ ನಗು ತಡೆಯಲಾಗಲಿಲ್ಲ.

"ಇದಾ ಹೊಸ ಹರಕೆ? ಎಲ್ಲೀವರೆಗಮ್ಮ, ಹೆರಿಗೆ ಆಗೋವರೆಗಾ?"

"ಹೆರಿಗೆ ಆಗೋವರೆಗೆ ಸಾಕಾ? ಅದು ಸ್ಕೂಲಿಗೆ ಹೋಗೋವಾಗ ಜೊತೆಗೆ ಯಾರು ನಡಿಯೋರು, ನಿಮ್ಮತ್ತೇನಾ?"

ಕಾಫಿ ಬಂತು. ಹುಲಿಗೆಮ್ಮ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಹಾಗಲಕಾಯಿ ಕಚ್ಚಿದವಳ ಹಾಗೆ ಮುಖವೆಲ್ಲ ಕಿವುಚಿಕೊಂಡಿತು, ಕಣ್ಣಂಚಿನಲ್ಲಿ ನೀರಾಡಿತು. ಲೋಟ ಕೆಳಗಿಟ್ಟು, ನೀಲಿ ಚಪ್ಪಲಿಯ ಕಾಲನ್ನು ಚಾಚಿ, ತೃಪ್ತಿಯಿಂದ ಹೇಳಿದಳು:

"ಹೂಂ. ಈಗ ನೋಯ್ತಿದೆ ಕಣೇ."