ಕೂಗದೆ ಕೆಡವಿದ ಗೊನೆ

ಜಗಲಿಯ ಕಲ್ಲಿನ ಮೇಲೆ ಯಾರೋ ಏನನ್ನೋ ಮೆಲ್ಲಗೆ ಇಟ್ಟ ಸದ್ದು. ಊರೆಲ್ಲ ಮಲಗಿದ್ದ ಹೊತ್ತು. ಎಸ್ತೇರಮ್ಮ ಎದ್ದು ಕೂತಳು.

"ನರ್ಸಮ್ಮಾ..." ಹೊರಗಿನಿಂದ ತಗ್ಗಿದ ದನಿ.

ಅವಳು ಓಗೊಡಲಿಲ್ಲ. ಮಗ ಸತ್ತಂದಿನಿಂದ ಯಾರು ಕೂಗಿದರೂ ಅವಳದು ಹೀಗೇ. ಬಾಗಿಲಿಗೆ ಬಂದು ಕಣ್ಣಾರೆ ನೋಡಿದ ಮೇಲೆಯೇ ಮಾತು. ಕೊರಗು ಹಾಗೆ ಮಾಡಿದೆ ಎಂದು ನೆರೆಯವರು ಮರುಗುತ್ತಿದ್ದರು.

ಕಂದೀಲು ಎತ್ತಿ ಹಿಡಿದಳು. ಜಗಲಿಯ ಮೇಲೆ ಎರಡು ಎಳನೀರು. ಅದರಾಚೆ ಅಂಗಳದಲ್ಲಿ ತಿಪ್ಪಯ್ಯ. ಹೋದ ವರ್ಷ ಅವನು ಕೆಡವಿದ ತೆಂಗಿನ ಗೊನೆಯೇ ಅವಳ ಮಗನ ತಲೆಯ ಮೇಲೆ ಬಿದ್ದದ್ದು.

"ನಾಳೆ ನಾನೇನ್ ಹೇಳ್ಬೇಕು ಅಂತ ಕೇಳ್ಕಂಡ್ ಹೋಗಾಣ ಅಂತ ಬಂದೆ ಕಣ್ರವ್ವ."

"ಪಾದ್ರಿಗಳು ಹೇಳಿಕೊಡಲಿಲ್ವಾ?"

"ನಡೆದದ್ದು ನಡೆದಂಗೆ ಹೇಳು ಅಂದವ್ರೆ."

ಕಂದೀಲಿನ ಬೆಳಕು ಗೋಡೆಯ ಮೇಲೆ ಅಲುಗಿತು. "ನಿನ್ನ ಮನಸ್ಸಿಗೆ ಬಂದದ್ದು ಹೇಳಪ್ಪ. ನಾನಂತೂ ನಿನ್ನನ್ನ ಕ್ಷಮಿಸಿ ಆಗಿದೆ."

"ಹೂಂ. ನೀವು ಕ್ಷಮಿಸ್ಬುಟ್ರಿ." ಬಾಗಿಲು ಹಾಕಿಬಿಟ್ಟಿರಿ ಎನ್ನುವ ಹಾಗಿತ್ತು ಅವನ ದನಿ. ತಲೆವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಎಸ್ತೇರಮ್ಮ ತುರುವೇಕೆರೆಯ ಆಸ್ಪತ್ರೆಯಲ್ಲಿ ನರ್ಸು. ಗಂಡ ತೀರಿಕೊಂಡ ಮೇಲೆ ಏಕಾಂತಯ್ಯನವರ ತೆಂಗಿನ ತೋಟದ ಅಂಚಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ತೋಟದಲ್ಲಿ ಕಾಯಿ ಕೀಳುವುದಕ್ಕೆ ಒಂದು ಕಟ್ಟುಪಾಡಿದೆ. ಗೊನೆಗೆ ಕತ್ತಿ ಹಾಕುವ ಮುಂಚೆ ಮರದ ಮೇಲಿನವನು ಕೂಗಬೇಕು, ಕೆಳಗಿನವರು ಓಗೊಟ್ಟ ಮೇಲೆ ಕೆಡವಬೇಕು. ಗೊನೆ ಬಿದ್ದ ಆ ಮಧ್ಯಾಹ್ನ ಒಳಗೆ ಚಾಪೆಯ ಮೇಲೆ ಮಲಗಿದ್ದ ಮಗ ಸಮುವೇಲ ಯಾವಾಗಲೋ ಎದ್ದು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿದ್ದ. ಎತ್ತಿಕೊಂಡಾಗ ಅವನ ಮುಷ್ಟಿಯಲ್ಲಿ ಆಟದ ದೋಣಿಗೆಂದು ಆರಿಸಿದ ಒಣ ಹೊಂಬಾಳೆ ಇತ್ತು.

ಪೊಲೀಸರು ಬಂದರು. ತಿಪ್ಪಯ್ಯ ಬಾಯಿ ತೆರೆಯುವ ಮೊದಲೇ ಎಸ್ತೇರಮ್ಮ ಹೇಳಿದಳು: "ಇವನ ಮೇಲೆ ಕೇಸು ಬೇಡ. ನಾನು ಕ್ಷಮಿಸಿದ್ದೇನೆ."

ಅವಳ ಸೀರೆಯ ಮೇಲೆ ರಕ್ತ ಇನ್ನೂ ಆರಿರಲಿಲ್ಲ. ನೆರೆದವರು ಕೈಮುಗಿದರು. ತಿಪ್ಪಯ್ಯ ಕೂಗಿರಲಿಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಅವನನ್ನು ಯಾರೂ ಏನೂ ಕೇಳಲಿಲ್ಲ.

"ನಮ್ ಸ್ವಾಮಿಗಾದ್ರೆ ತಪ್ಪುಕಾಣಿಕೆ ಹಾಕಿ ಮೂಗು ಉಜ್ಜಬೇಕು. ನಿಮ್ ದೇವ್ರು ಪುಕ್ಸಟ್ಟೆ ಬುಟ್ಬುಡ್ತಾನಲ್ರೀ ನರ್ಸಮ್ಮ!" ಎಂದಿದ್ದರು ಏಕಾಂತಯ್ಯನವರ ಹೆಂಡತಿ ದ್ರಾಕ್ಷಾಯಣಮ್ಮ. ಅರ್ಧ ತಮಾಷೆ, ಅರ್ಧ ಬೆರಗು.

ಪುಕ್ಕಟೆಯೇನೂ ಆಗಲಿಲ್ಲ. ಕೂಗದೆ ಕೆಡವಿದವನಿಗೆ ಮರ ಕೊಡುವವರಾರು? ಸುತ್ತಿನ ಯಾವ ತೋಟದವರೂ ಅವನನ್ನು ಕರೆಯಲಿಲ್ಲ. ಅವನ ಮಗಳಿಗೆ ಗೊತ್ತಾಗಿದ್ದ ಗಂಡು ಹಿಂದೆ ಸರಿಯಿತು. ತಿಪ್ಪಯ್ಯ ಯಾರದೋ ಕಣದ ಮೂಲೆಯಲ್ಲಿ ಕೂತು ಕಾಯಿ ಸುಲಿಯತೊಡಗಿದ.

ಈಗ ಶುಭ ಶುಕ್ರವಾರಕ್ಕೆ ಬೆಂಗಳೂರಿನಿಂದ ಬಿಷಪ್ಪರು ಬರುವವರಿದ್ದರು. ಕ್ಷಮಿಸಿದ ತಾಯಿ, ಕ್ಷಮೆ ಪಡೆದವನು, ಇಬ್ಬರೂ ಎಲ್ಲರೆದುರು ನಿಲ್ಲಬೇಕೆಂದು ಪಾದ್ರಿಗಳ ಆಸೆ. ಮನಸ್ಸು ಬಿಚ್ಚಿ ಮಾತಾಡಿದರೆ ಮಿಷನ್ ತೋಟದಲ್ಲಿ ಕೆಲಸ ಕೊಡಿಸುತ್ತೇನೆ ಎಂದು ತಿಪ್ಪಯ್ಯನಿಗೆ ಹೇಳಿದ್ದರು.

ಎಸ್ತೇರಮ್ಮನಿಗೆ ಇದ್ದ ಭಯ ಒಂದೇ. ಅಷ್ಟು ಜನರ ಮುಂದೆ ಅವನು ತಪ್ಪು ಒಪ್ಪಿಕೊಳ್ಳದಿದ್ದರೆ? ಒಪ್ಪದವನನ್ನು ಕ್ಷಮಿಸುವುದಾದರೂ ಹೇಗೆ? ಆ ರಾತ್ರಿ ತಿಪ್ಪಯ್ಯ ಹೋದ ಮೇಲೆ ಅವಳು ಪ್ರಾರ್ಥನೆಗೆ ಕೂತಳು. ಅರ್ಧಕ್ಕೇ ಎದ್ದು ಕಂದೀಲು ಆರಿಸಿದಳು.

ಮರುದಿನ ಚರ್ಚು ತುಂಬಿತ್ತು. ತಿಪ್ಪಯ್ಯ ಶಿಲುಬೆಯ ಕೆಳಗೆ ನಿಂತ. ಪಾದ್ರಿಗಳು ಕೆಮ್ಮಿದರು. ಆಗ ಅವನು ತಲೆಯೆತ್ತಿ ಎಸ್ತೇರಮ್ಮನ ಕಡೆಗೇ ನೋಡಿದ. ಅವಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನು ಕೂಗ್ಲಿಲ್ಲ ಬುದ್ದಿ. ಕೂಗ್ದಲೇ ಕೆಡವ್ದೆ. ತಪ್ಪು ನಂದೇಯ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಿಷಪ್ಪರು ಎಸ್ತೇರಮ್ಮನ ಕೈ ಹಿಡಿದು ಅವನ ತಲೆಯ ಮೇಲೆ ಇಡಿಸಿದರು. ಆ ಕೈ ತಣ್ಣಗಿತ್ತು.

ಜನ ಚದುರಿದ ಮೇಲೆ ಬೇಲಿಯ ಹತ್ತಿರ ತಿಪ್ಪಯ್ಯ ಎದುರಾದ.

"ಸರಿಯಾಗ್ ಹೇಳಿದ್ನಾ ನರ್ಸಮ್ಮ?"

ಅವನ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಸರಿಯಾಗಿ ಹೇಳ್ದೆ."

"ಕೆಲಸ ಸಿಕ್ತು. ಮರ ಹತ್ತಬೌದಂತೆ. ಇನ್ಮೇಲೆ ಬರೀ ಕೂಗಾಕಿಲ್ಲ ಕಣ್ರವ್ವ. ಇಳಿದು ಬಂದು, ನಾನೇ ಕಣ್ಣಲ್ಲಿ ನೋಡಿ, ಆಮೇಲೆ ಹತ್ತಿ ಕೆಡವ್ತೀನಿ."

ಅವಳು ಬಿರಬಿರನೆ ನಡೆದಳು.

ಸಂಜೆ ಬೇಲಿಯಾಚೆಯಿಂದ ದ್ರಾಕ್ಷಾಯಣಮ್ಮ ಕೂಗಿದರು: "ಒಳಗಿದೀರೇನ್ರೀ ನರ್ಸಮ್ಮ? ಏನಂದ ತಿಪ್ಪ?"

ಎಸ್ತೇರಮ್ಮ ಒಲೆಯ ಮುಂದಿನಿಂದ ಎದ್ದಳು, ಬಾಗಿಲಿಗೆ ಬಂದಳು, ನೋಡಿದಳು. "ತಪ್ಪು ಒಪ್ಕೊಂಡ ಕಣ್ರೀ."

"ಒಪ್ಕಳ್ದೆ ಏನ್ ಮಾಡ್ತಾನೆ! ನೀವು ದೇವರಂಥೋರು ಬುಡಿ."

ಬಾಗಿಲು ಹಾಕಿ ಅಗಣಿ ಸರಿಸಿದಳು. ಪಾದ್ರಿಗಳಿಗಾಗಲಿ, ಬಿಷಪ್ಪರಿಗಾಗಲಿ, ಈ ದ್ರಾಕ್ಷಾಯಣಮ್ಮನಿಗಾಗಲಿ ಎಂದೆಂದಿಗೂ ಹೇಳುವುದಿಲ್ಲ ಎಂದು ಅಲ್ಲೇ, ಅಗಣಿಯ ಮೇಲೆ ಕೈಯಿಟ್ಟುಕೊಂಡೇ ನಿರ್ಧರಿಸಿದಳು.

ಆ ಮಧ್ಯಾಹ್ನ ತಿಪ್ಪಯ್ಯ ಮರದ ಮೇಲಿನಿಂದ ಕೂಗಿದ್ದ, ಇದೇ ಒಲೆಯ ಮುಂದೆ ಕೂತು, ಏಳದೆ, ನೋಡದೆ ಓಗೊಟ್ಟವಳು ಅವಳೇ: "ಯಾರೂ ಇಲ್ಲ ಕಣಪ್ಪ, ಕೆಡವು."