ಗೋಡೆಯ ಮೇಲಿನ ಗೆಳತಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಮೇಲ್ ಕಳಿಸಿದರೆ ಎಲ್ಲರಿಗೂ ಹೋಯಿತು. ಗಾದೆ ಕೆಟ್ಟರೂ ಕಥೆ ನಿಜ. ಊಟದ ಬಿಡುವಿನಲ್ಲಿ ಆಫೀಸಿನ ಗೋಡೆಯ ಮೇಲೆ ಅಕೌಂಟೆಂಟ್ ಪ್ರೊಜೆಕ್ಟರ್ ಹಾಕಿ ತನ್ನ ಹವ್ಯಾಸದ ನಕ್ಷೆಯನ್ನು ಬೆಳಗಿಸಿದ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ; ಯಾರು ಯಾರಿಗೆ ಸ್ವಂತ ಮೇಲ್ ಬರೆದಿದ್ದಾರೋ ಅವರ ನಡುವೆ ಗೆರೆ. ಆಫೀಸಿನ ಹೊರಗಿನವರ ಗೆರೆಗಳು ಮಾತ್ರ ಗುಂಡಿ ಒತ್ತಿದರಷ್ಟೇ ಕಾಣುತ್ತಿದ್ದವು. ಒಳಗೇನಿದೆ ಎಂದು ನೋಡುವುದಿಲ್ಲವೆಂದು ಆಣೆ ಮಾಡಿ, ಸಹೋದ್ಯೋಗಿಗಳಿಂದ ಅವರ ಮೇಲ್‌ಗಳು ಹೋದ, ಬಂದ ಬರೀ ವಿಳಾಸಗಳನ್ನು ಬೇಡಿ ತಂದಿದ್ದ.

"ಮೂಲೇಲಿರೋ ಒಂಟಿ ಚುಕ್ಕಿ ಯಾರದಪ್ಪಾ?" ಮಿಮಿಕ್ರಿ ಗುಮಾಸ್ತ ಮ್ಯಾನೇಜರರ ಮೂಗುದನಿಯಲ್ಲಿ ಗದರಿದ.

"ನಂದೇ. ಒಂಟಿ ಯಾಕಾಗುತ್ತೆ? ಪಕ್ಕದಲ್ಲಿ ಅವಳಿದಾಳೆ. ಮೇಲ್‌ನಲ್ಲೇ ಪರಿಚಯ. ಭಾನುವಾರ ಮೊದಲ್ನೇ ಸಲ ಸಿಗ್ತಾಳೆ. ಹೂಂ ಅಂದ್ರೆ ನಿಮಗೆಲ್ಲ ಅತ್ತಿಗೆ." ಅಕೌಂಟೆಂಟ್ ಅವಳ ಚುಕ್ಕಿಯ ಮೇಲೆ ಬೆರಳಿಟ್ಟ. ಬೆಳಕಿನ ಚುಕ್ಕಿ ಅವನ ಉಗುರಿನ ಮೇಲೆ ಬಂದು ಕೂತಿತು. "ಅವಳ ಗೆರೆಗಳನ್ನೂ ನೋಡೋಣ."

"ಬೇಡ ಬಿಡು ಗುರೂ," ಎಂದ ಗುಮಾಸ್ತ, ಈಗ ತನ್ನದೇ ದನಿಯಲ್ಲಿ. ಅಷ್ಟರಲ್ಲಿ ಅಕೌಂಟೆಂಟನ ಇನ್ನೊಂದು ಕೈ ಗುಂಡಿ ಒತ್ತಿಬಿಟ್ಟಿತ್ತು. ಉಗುರಿನಿಂದ ಗೆರೆಗಳು ಹೊರಟವು: ಗುಮಾಸ್ತನಿಗೆ, ಟೈಪಿಸ್ಟಮ್ಮನಿಗೆ, ಅಲ್ಲಿ ಡಬ್ಬಿ ಬಿಚ್ಚಿ ಕೂತಿದ್ದ ಪ್ರತಿಯೊಬ್ಬರಿಗೆ. ಅವಳ ಹೆಸರಲ್ಲಿ ಬರೆಯುತ್ತಿದ್ದವನು ಗುಮಾಸ್ತ. ಅಕೌಂಟೆಂಟ್ ಬರೆದದ್ದನ್ನೆಲ್ಲ ಆ ವಿಳಾಸದಿಂದಲೇ ಎಲ್ಲರಿಗೂ ಹಂಚಿದ್ದ. ವಿಳಾಸಗಳನ್ನು ಕೊಡುವಾಗ ಅವುಗಳಲ್ಲಿ ಅವಳದೂ ಇದೆಯೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಅಮ್ಮ ಹೋದಾಗ ಬರೆದಿದ್ನಲ್ಲ," ಅಕೌಂಟೆಂಟ್ ಕೇಳಿದ, "ಅದನ್ನೂ ಓದಿದ್ರಾ?"

ಟೈಪಿಸ್ಟಮ್ಮ ಡಬ್ಬಿ ಮುಚ್ಚಿದರು. "ತಮಾಷೆಗೆ ಗುರೂ," ಎಂದು ಗುಮಾಸ್ತ ಹಲ್ಲುಕಿರಿದ. ಯಾರೋ ತಡೆಯಲಾರದೆ ಕಿಸಕ್ಕನೆ ನಕ್ಕರು. ನಗು ಮೇಜಿನಿಂದ ಮೇಜಿಗೆ ಹಬ್ಬಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಕೌಂಟೆಂಟ್. ಉಳಿದವರು ಹೆದರಿ ನಿಲ್ಲಿಸಿದ ಮೇಲೂ ನಗುತ್ತಲೇ ಇದ್ದ.