ಡೇರೆಯಲ್ಲಿ ಉಳಿದ ಉತ್ತರ

ಕಚ್ಚಾ ಎಣ್ಣೆಯ ಬೆಲೆ ಬಿದ್ದ ೧೯೮೬ರ ಖರ್ಜೂರದ ಸುಗ್ಗಿ. ಕೊಲ್ಲಿ ನಾಡಿನ ನಿಜ್ವಾ ಊರಲ್ಲಿ, ಮಗನ ಮನೆಯಂಗಳದಲ್ಲಿ ರಾಯಪ್ಪ ಹಣ್ಣು ಆರಿಸುತ್ತ ಕೂತಿದ್ದ. ಕಂಪನಿ ಮುಚ್ಚಿದ್ದರಿಂದ ತನ್ನ ಊರಿಗೆ ಹೊರಟಿದ್ದ ವಯಸ್ಸಾದ ಜಪಾನಿ ಎಂಜಿನಿಯರ್ ಮೋರಿ, ಅದೇ ಆಫೀಸಿನಲ್ಲಿದ್ದ ರಾಯಪ್ಪನ ಮಗ ಸಚ್ಚಿದಾನಂದನಿಗೆ ಹೇಳಿಹೋಗಲು ಬಂದಿದ್ದ. ಅಪ್ಪ ಬರ್ಮಾ ಯುದ್ಧದಲ್ಲಿ ಬ್ರಿಟಿಷರ ಸಿಪಾಯಿಯಾಗಿ ಜಪಾನಿ ಸೆರೆಯಾಳುಗಳ ವಿಚಾರಣೆಯ ಡೇರೆ ಕಾಯ್ದವನೆಂದು ಮಗ ಹೇಳಿದ್ದೇ ತಡ, ಮೋರಿ ಚಹಾದ ಲೋಟ ಕೆಳಗಿಟ್ಟ. ಅವನು ಇಂಗ್ಲಿಷಿನಲ್ಲಿ ತಡೆತಡೆದು ಏನೋ ಹೇಳಿದ.

“ಅಪ್ಪಾ, ಇವರೂ ಅಂಥಾ ಡೇರೆದಾಗ ಕೂತಿದ್ರಂತ,” ಎಂದ ಸಚ್ಚಿದಾನಂದ. “ಸೆರಿ ಸಿಕ್ಕದ್ದು ಗೊತ್ತಾದ್ರ ಮನಿತನಕ್ಕ ನಾಚಿಗಿ ಅಂತ ಸುಳ್ಳ ಹೆಸರು ಹೇಳಿದ್ರಂತ. ಹೆಂಡ್ತಿ ಮುಂದ ಸೈತ ಬಾಯಿ ಬಿಟ್ಟಿಲ್ಲಂತ.”

ರಾಯಪ್ಪ ನಕ್ಕ. “ಎಲ್ಲಾರೂ ಸುಳ್ಳ ಹೇಳತಿದ್ರೋ ತಮ್ಮಾ! ನಮ್ಮ ಕ್ಯಾಪ್ಟನ್‌ಗೂ ಗೊತ್ತಿತ್ತು. ಮೊದಲ ಉಣ್ಣಾಕ ಕೊಡ್ರಿ, ಹೆಸರು ಆಮ್ಯಾಲ ಬರತೈತಿ ಅಂತಿದ್ದ.”

ಖರ್ಜೂರದ ತಟ್ಟೆಯನ್ನು ಮೋರಿಯ ಮುಂದೆ ಸರಿಸಿ, ಅವನು ಒಂದು ಹಣ್ಣು ತಿಂದು ಮುಗಿಸುವವರೆಗೆ ರಾಯಪ್ಪ ಕಾದ. ಆಮೇಲೆ, ಡೇರೆಯ ಬಾಗಿಲಲ್ಲಿ ದಿನಾ ಕೇಳಿ ನಾಲಿಗೆಗೆ ಹತ್ತಿದ್ದ ಜಪಾನಿ ಮಾತಿನಲ್ಲಿ, ನಿನ್ನ ಹೆಸರೇನೆಂದು ಸಾವಕಾಶವಾಗಿ ಕೇಳಿದ. ಮೋರಿ ಎದ್ದು ನಿಂತ. ಹಿಮ್ಮಡಿ ಕೂಡಿಸಿ, ಆಫೀಸಿಗೆಲ್ಲ ಗೊತ್ತಿದ್ದ ತನ್ನ ಹೆಸರನ್ನು ಮೊದಲ ಸಲ ಹೇಳುವವನಂತೆ ಗಟ್ಟಿಯಾಗಿ ಹೇಳಿದ:

“ಮೋರಿ ಕೆಂಜಿ!”